ಚರ್ಮದ ಮೇಲಿನ ವಿಷದ ಲೆಕ್ಕ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳು ವರ್ಜೀನಿಯಾ ಹೊಗೆಸೊಪ್ಪಿಗೆ ಹೆಸರಾದ ಸೀಮೆ. ಮುಂಗಾರಿನ ಈ ಬೆಳೆಗೆ ಹುಳುಗಳ ಕಾಟವುಂಟು; ರೈತನು ಬೆನ್ನಿಗೆ ಡಬ್ಬಿ ಹೊತ್ತು ಕೀಟನಾಶಕವನ್ನು ಸಿಂಪಡಿಸುತ್ತಾನೆ. ಮೂಗಿಗೆ ಬಟ್ಟೆ ಕಟ್ಟಿಕೊಂಡರೆ ಸಾಕೆಂಬುದು ಹಲವರ ನಂಬಿಕೆ. ಆದರೆ ಹೊಲದ ಕೆಲಸದಲ್ಲಿ ವಿಷವು ಬಹುಮಟ್ಟಿಗೆ ತಾಗುವುದು ಚರ್ಮಕ್ಕೆ. ಎಷ್ಟು ತಾಗಿತೆಂದು ತಿಳಿಯುವ ಬಗೆ ಹೇಗೆ?

1962ರಲ್ಲಿ ಡರ್ಹ್ಯಾಮ್ ಮತ್ತು ವುಲ್ಫ್ ಎಂಬ ವಿಜ್ಞಾನಿಗಳು ವಿವರಿಸಿದ ಕ್ರಮ ಬಹು ಸರಳ. ಸಿಂಪಡಿಸುವವನ ಎದೆ, ಬೆನ್ನು, ತೋಳು, ಕಾಲುಗಳ ಮೇಲೆ ಹೀರುಕಾಗದದ ಅಥವಾ ಹತ್ತಿಬಟ್ಟೆಯ ತುಂಡುಗಳನ್ನು ಅಂಟಿಸುತ್ತಾರೆ. ಕೆಲಸ ಮುಗಿದ ಮೇಲೆ ಅವುಗಳಲ್ಲಿನ ವಿಷವನ್ನು ಪ್ರಯೋಗಾಲಯದಲ್ಲಿ ಅಳೆಯುತ್ತಾರೆ. 100 ಚದರ ಸೆಂಟಿಮೀಟರಿನ ತುಂಡಿನಲ್ಲಿ 2 ಮಿಲಿಗ್ರಾಂ ದೊರೆತು, ಬೆನ್ನಿನ ವಿಸ್ತೀರ್ಣ 3500 ಚದರ ಸೆಂಟಿಮೀಟರ್ ಎಂದಿಟ್ಟುಕೊಳ್ಳೋಣ. ಆಗ ಬೆನ್ನಿಗೆ ಬಿದ್ದದ್ದು 70 ಮಿಲಿಗ್ರಾಂ. ಡಬ್ಬಿ ಸೋರಿ, ತುಂಡಿಲ್ಲದ ಕಡೆ ವಿಷ ಹರಿದರೆ ಈ ಲೆಕ್ಕ ತಪ್ಪುವುದೂ ಉಂಟು. ಕೈಗಳನ್ನಾದರೋ ಮದ್ಯಸಾರದಲ್ಲಿ ಇಲ್ಲವೆ ಸಾಬೂನು ನೀರಿನಲ್ಲಿ ತೊಳೆದು, ಆ ದ್ರವವನ್ನೇ ಪರೀಕ್ಷಿಸುತ್ತಾರೆ. ಬರಿಗೈಯಲ್ಲಿ ಔಷಧಿ ಬೆರೆಸುವವರಿಗೆ ಹೆಚ್ಚಿನ ಪಾಲು ತಾಗುವುದು ಕೈಗಳಿಗೇ.

ಬಿದ್ದ ವಿಷವೆಲ್ಲ ಒಳಸೇರದು. 1971ರಲ್ಲಿ ಪ್ರಕಟವಾದ ಒಂದು ಅಧ್ಯಯನದಂತೆ, ಪ್ಯಾರಾಥಿಯಾನ್ ಎಂಬ ಕೀಟನಾಶಕವು ಮುಂಗೈಯ ಚರ್ಮದಲ್ಲಿ ಶೇಕಡಾ 9ರಷ್ಟು ಒಳಹೊಕ್ಕರೆ ಹಣೆಯಲ್ಲಿ ಅದರ ನಾಲ್ಕು ಪಟ್ಟು. ಬೆವರೊರೆಸಲು ಕೈ ಹೋಗುವುದು ಹಣೆಗೇ ಅಲ್ಲವೆ!

ಹೊಗೆಸೊಪ್ಪೂ ನಿರಪಾಯವಾದುದಲ್ಲ. ಮಳೆ, ಇಬ್ಬನಿಗಳಿಂದ ತೊಯ್ದ ಎಲೆಯನ್ನು ಮುರಿಯುವವರ ಚರ್ಮದ ಮೂಲಕ ನಿಕೋಟಿನ್ ಒಳಸೇರಿ ತಲೆಸುತ್ತು, ವಾಂತಿಗಳನ್ನು ತರುತ್ತದೆ. ಇದನ್ನು ತಿಳಿಯಲು ಬಟ್ಟೆಯ ತುಂಡು ಬೇಡ. ನಿಕೋಟಿನ್ ದೇಹದಲ್ಲಿ ಕೋಟಿನಿನ್ ಆಗಿ ಮಾರ್ಪಡುತ್ತದೆ. ಸೊಪ್ಪು ಮುಟ್ಟಿ ಎರಡು ದಿನಗಳಾದರೂ ಮೂತ್ರದಲ್ಲಿ ಅದರ ಕುರುಹು ದೊರೆಯುತ್ತದೆ.