ಬೆನ್ನೆಂಬ ಬಿಲ್ಲು

ಕಬ್ಬು ಕಡಿಯುವ ದಿನಗಳಲ್ಲಿ ಗೋಕಾಕದಿಂದ ಮೂಡಲಗಿಗೆ ಹೋಗುವ ದಾರಿಯುದ್ದಕ್ಕೂ ಹುಡುಗರು ಜಲ್ಲೆಯನ್ನು ಮೊಣಕಾಲಿಗೆ ಕೊಟ್ಟು ಲಟಕ್ಕನೆ ಮುರಿಯುವುದನ್ನು ಕಾಣಬಹುದು. ಅಷ್ಟೇ ಉದ್ದದ ಬಿದಿರಿನ ಸೀಳನ್ನು ಎರಡು ತುದಿಗಳಲ್ಲಿ ಹಿಡಿದು ಬಗ್ಗಿಸಿದರೆ ಅದು ಬಿಲ್ಲಾಗುತ್ತದೆ. ಬಿದಿರು ಹೆಚ್ಚು ಗಟ್ಟಿ ಎಂಬುದು ಅರ್ಧ ಉತ್ತರ ಮಾತ್ರ. ಬಿಲ್ಲಿನಲ್ಲಿ ಬಾಗು ಉದ್ದಕ್ಕೂ ಹಂಚಿಹೋಗಿದೆ. ಜಲ್ಲೆಯಲ್ಲಿ ಅದೆಲ್ಲವೂ ಮೊಣಕಾಲಿನ ಮೇಲಿರುವ ಒಂದೇ ಸ್ಥಾನಕ್ಕೆ ಬಂದು ಸೇರಿದೆ.

ಈ ವ್ಯತ್ಯಾಸವನ್ನು ನಾವು ಹೊಸದಾಗಿ ಯೋಚಿಸುವಂತೆ ಮಾಡಿದವನು ನಮ್ಮ ಒಬ್ಬ ವಿದ್ಯಾರ್ಥಿ. ಯೋಗಸ್ಪರ್ಧೆಯೊಂದಕ್ಕಾಗಿ ಅವನು ಒಂದೇ ವಾರದಲ್ಲಿ, ನಿಂತಲ್ಲಿಂದಲೇ ಹಿಂದಕ್ಕೆ ಬಾಗಿ ಕೈಗಳನ್ನು ನೆಲಕ್ಕೂರಿ ಊರ್ಧ್ವ ಧನುರಾಸನಕ್ಕೆ ಬರುವುದನ್ನು ಕಲಿತನು. ಚಪ್ಪಾಳೆ ತಟ್ಟಿದವರಲ್ಲಿ ನಾವೂ ಇದ್ದೆವು. ಎರಡು ತಿಂಗಳು ಕಳೆಯುವಷ್ಟರಲ್ಲಿ ಅವನಿಗೆ ಬೆಂಚಿನ ಮೇಲೆ ಒಂದು ತಾಸು ಕೂಡುವುದೂ ಕಷ್ಟವಾಯಿತು. ಸೊಂಟದ ಮಣಿಯೊಂದರಲ್ಲಿ ಕೂದಲೆಳೆಯಂತಹ ಬಿರುಕು ಬಿಟ್ಟಿದೆಯೆಂದು ವೈದ್ಯರು ಹೇಳಿದರು.

ಎದೆಯ ಹಿಂದೆ 12, ಸೊಂಟದಲ್ಲಿ 5 ಬೆನ್ನುಮಣಿಗಳಿವೆ. ಇವುಗಳ ನಡುವಣ ಸಂದುಗಳೂ ಸೊಂಟದ ಕೊನೆಯ ಮಣಿಯು ತ್ರಿಕಾಸ್ಥಿಯನ್ನು ಕೂಡುವ ಸಂದೂ ಸೇರಿ 17. ಬೆನ್ನು ಒಟ್ಟು 85 ಅಂಶ ಹಿಂದಕ್ಕೆ ಬಾಗಬೇಕೆಂದು ಭಾವಿಸೋಣ. ಸಮನಾಗಿ ಹಂಚಿದರೆ ಸಂದಿಗೆ 5 ಅಂಶ. ಆದರೆ ಪ್ರಕೃತಿಯ ಹಂಚಿಕೆ ಸಮನಾದುದಲ್ಲ. ಎದೆಯ ಭಾಗವನ್ನು ಪಕ್ಕೆಲುಬುಗಳು ಬಿಗಿದಿಟ್ಟಿವೆ. ಅಲ್ಲಿನ ಮಣಿಗಳ ಹಿಂದಣ ಮುಳ್ಳುಗಳು ಒಂದರ ಮೇಲೊಂದು ಹೆಂಚಿನಂತೆ ಕವಿದಿವೆ. ಸೊಂಟವೋ ಸುಲಭವಾಗಿ ಒಪ್ಪಿಕೊಳ್ಳುತ್ತದೆ. ಇದರ ಮೇಲೆ ಭುಜಗಳೂ ತೊಡೆಯ ಮುಂಭಾಗದ ಸ್ನಾಯುಗಳೂ ಬಿಗಿಯಾಗಿದ್ದರೆ, ಅವು ಕೊಡದ ಬಾಗನ್ನೆಲ್ಲ ಸೊಂಟದ ಕೆಳಗಿನ ಒಂದೆರಡು ಸಂದುಗಳೇ ಕೊಡಬೇಕಾಗುತ್ತದೆ. ಆಗ ಬೆನ್ನು ಬಿಲ್ಲಾಗಿ ಉಳಿಯದೆ ಮೊಣಕಾಲಿಗೆ ಕೊಟ್ಟ ಜಲ್ಲೆಯಾಗುತ್ತದೆ.

ಅಲ್ಲಿ ಮುರಿಯುವುದು ಯಾವುದು? ಪ್ರತಿ ಮಣಿಯ ಹಿಂಭಾಗದಲ್ಲಿ, ಮೇಲಿನ ಕೀಲಿಗೂ ಕೆಳಗಿನ ಕೀಲಿಗೂ ನಡುವೆ, ಎಲುಬಿನ ಕಿರಿದಾದ ಕಟ್ಟೊಂದಿದೆ. ಹಿಂದಕ್ಕೆ ಬಾಗಿದಾಗಲೆಲ್ಲ ಒತ್ತಡ ಅದರ ಮೇಲೆ ಬೀಳುತ್ತದೆ. ತಂತಿಯನ್ನು ಮತ್ತೆ ಮತ್ತೆ ಬಗ್ಗಿಸಿದರೆ ತುಂಡಾಗುವಂತೆ ಈ ಕಟ್ಟೂ ದಣಿದು ಬಿರಿಯಬಲ್ಲದು. ಇದನ್ನು ಸ್ಪಾಂಡಿಲೊಲೈಸಿಸ್ ಎನ್ನುತ್ತಾರೆ. ಜಿಮ್ನಾಸ್ಟರಲ್ಲಿಯೂ ವೇಗದ ಬೌಲರುಗಳಲ್ಲಿಯೂ ಇದು ಹೆಚ್ಚು. ಎಲುಬು ಇನ್ನೂ ಬಲಿಯುತ್ತಿರುವ ವಯಸ್ಸಿನಲ್ಲಿ, ಎಂದರೆ ಈ ಪುಟವನ್ನು ಓದುತ್ತಿರುವ ಬಹುಮಂದಿಯ ವಯಸ್ಸಿನಲ್ಲಿ, ಅಪಾಯವೂ ಹೆಚ್ಚು.

ಇನ್ನು ನೆಲದ ಮಾತು. ಹುಕ್ಕೇರಿಯ ಹಳೆಯ ಗುಮ್ಮಟಗಳನ್ನು ನೋಡಿದವರು ಗೋಡೆಗಳು ಅಷ್ಟು ದಪ್ಪವೇಕೆಂದು ಕೇಳಿಕೊಂಡಿರಬಹುದು. ಕಮಾನು ಭಾರವನ್ನು ಕೆಳಕ್ಕೆ ಮಾತ್ರವಲ್ಲ, ಹೊರಕ್ಕೂ ತಳ್ಳುತ್ತದೆ. ಆ ತಳ್ಳುವಿಕೆಯನ್ನು ಗೋಡೆಯ ದಪ್ಪ ತಡೆಯುತ್ತದೆ. ಮೈಯ ಕಮಾನಿಗೆ ಗೋಡೆಯಿಲ್ಲ, ಘರ್ಷಣೆಯುಂಟು. 50 ಕಿಲೋಗ್ರಾಂ ತೂಕದವನ ಅಂಗೈಗಳ ಮೇಲೆ 25 ಕಿಲೋಗ್ರಾಂ ಭಾರ ಬಿದ್ದು, ಹೊರತಳ್ಳುವ ಬಲವು 15 ಆಗಿದ್ದರೆ, ಘರ್ಷಣಾಂಕವು 0.6ಕ್ಕಿಂತ ಕಡಿಮೆಯಿರಕೂಡದು. ನುಣುಪು ನೆಲದ ಮೇಲೆ ಹಾಸಿದ ಜಮಖಾನೆಯಾಗಲಿ ಬೆವೆತ ಅಂಗೈಯಾಗಲಿ ಇದನ್ನು ಕೊಡದು. ವೇದಿಕೆಗಳಲ್ಲಿ ಜಮಖಾನೆ ಹಾಸುವ ಸಂಪ್ರದಾಯ ಅತಿಥಿಗಳ ಗೌರವಕ್ಕೆ ಸರಿ, ಈ ಆಸನಕ್ಕೆ ಸರಿಯಲ್ಲ.

ನಿಂತಲ್ಲಿಂದ ಬಾಗುವಾಗ ಇನ್ನೊಂದು ಲೆಕ್ಕವುಂಟು. ಕೈಗಳು ನೆಲದಿಂದ 60 ಸೆಂಟಿಮೀಟರು ಮೇಲಿರುವಾಗ ತೊಡೆಗಳ ಹಿಡಿತ ತಪ್ಪಿತೆನ್ನಿ. ಬಿದ್ದ ಭಾರವನ್ನು ತೋಳುಗಳು 5 ಸೆಂಟಿಮೀಟರಿನೊಳಗೆ ನಿಲ್ಲಿಸಿದರೆ, ಅವು ತಡೆಯಬೇಕಾದ ಸರಾಸರಿ ಬಲ ಆ ಭಾರದ 13 ಪಟ್ಟು. 10 ಸೆಂಟಿಮೀಟರಿನಲ್ಲಾದರೆ 7 ಪಟ್ಟು. ಮೊಣಕೈಗಳನ್ನು ಇನ್ನೂ ಮಡಿಸೋಣವೆಂದರೆ ತಲೆ ನೆಲಕ್ಕೆ ಬಡಿಯುತ್ತದೆ. ಆದ್ದರಿಂದ ಬೀಳದೆ ಇಳಿಯುವುದನ್ನೇ ಕಲಿಯಬೇಕು.

ಅದಕ್ಕೆ ಗೋಡೆಯೇ ಉತ್ತಮ ಸಹಾಯ. ಕೋಲಾರದ ಕಡೆಯ ಬೆಳ್ಳೂರಿನಲ್ಲಿ ಹುಟ್ಟಿ, ಮೈಸೂರಿನಲ್ಲಿ ಟಿ. ಕೃಷ್ಣಮಾಚಾರ್ಯರಲ್ಲಿ ಕಲಿತು, 1937ರಲ್ಲಿ ಪುಣೆಗೆ ಹೋಗಿ ನೆಲಸಿದ ಬಿ. ಕೆ. ಎಸ್. ಅಯ್ಯಂಗಾರ್ಯರು ಗೋಡೆ, ಹಗ್ಗ, ಕುರ್ಚಿಗಳನ್ನು ಆಸನಾಭ್ಯಾಸದ ಸಾಧನಗಳನ್ನಾಗಿ ಬಳಸಿದರು. 1966ರಲ್ಲಿ ಪ್ರಕಟವಾದ ಅವರ ಇಂಗ್ಲಿಷ್ ಗ್ರಂಥದಲ್ಲಿ ಆಸನಗಳ ಕಾಠಿಣ್ಯಕ್ಕೆ 1ರಿಂದ 60ರವರೆಗೆ ಅಂಕಗಳಿವೆ. 60ನೆಯ ಅಂಕ ಪಡೆದ ತಿರ್ಯಙ್ಮುಖೋತ್ತಾನಾಸನವೂ ಹಿಂಬಾಗೇ ಎಂಬುದು ಗಮನಾರ್ಹ.

ಮೊದಲು ಭುಜಂಗ, ಶಲಭ, ಉಷ್ಟ್ರಾಸನಗಳು ತಿಂಗಳುಗಟ್ಟಲೆ ನಡೆಯಲಿ. ಮಲಗಿದಲ್ಲಿಂದ ಊರ್ಧ್ವ ಧನುರಾಸನಕ್ಕೆ ಏಳುವುದು ಅನಾಯಾಸವಾದ ಮೇಲೆ, ಬಲ್ಲವರೊಬ್ಬರು ಪಕ್ಕದಲ್ಲಿರುವಾಗ ಗೋಡೆಗೆ ಬೆನ್ನು ಮಾಡಿ ಎರಡು ಮೊಳ ದೂರ ನಿಂತು, ಎದೆಯನ್ನು ಮೊದಲು ಮೇಲಕ್ಕೆತ್ತಿ, ಅಂಗೈಗಳನ್ನು ಗೋಡೆಯ ಮೇಲೆ ಗೇಣು ಗೇಣಾಗಿ ಕೆಳಗಿಳಿಸಬೇಕು. ಪಾದಗಳು ಹೊರಕ್ಕೆ ತಿರುಗತೊಡಗಿದರೆ ಅಥವಾ ಉಸಿರು ಕಟ್ಟಿದರೆ ಅಂದಿನ ಮಿತಿ ಅಷ್ಟೇ. ಮುಗಿದ ಕೂಡಲೆ ರಭಸದಿಂದ ಮುಂದಕ್ಕೆ ಬಾಗದೆ, ಅಂಗಾತ ಮಲಗಿ ಮೊಣಕಾಲುಗಳನ್ನು ಮಡಿಸಿ ವಿಶ್ರಮಿಸಬೇಕು. ರಕ್ತದ ಒತ್ತಡ, ಗ್ಲಾಕೋಮಾ, ಹರ್ನಿಯಾ ಇರುವವರೂ ಗರ್ಭಿಣಿಯರೂ ಇದರ ಗೊಡವೆಗೆ ಹೋಗಬಾರದು.

ಸ್ನಾಯುಗಳಲ್ಲಿ ಹರಡಿಕೊಂಡ ನೋವು ಎರಡು ಮೂರು ದಿನಗಳಲ್ಲಿ ಇಳಿಯುತ್ತದೆ. ನಡುಪಟ್ಟಿ ಕಟ್ಟುವ ಎತ್ತರದಲ್ಲಿ, ಬೆರಳಿಟ್ಟು ತೋರಿಸಬಹುದಾದ ಒಂದೇ ಕಡೆ, ಹಿಂದಕ್ಕೆ ಬಾಗಿದಾಗ ಹೆಚ್ಚುವ ನೋವು ಬೇರೆ ಬಗೆಯದು. ಅದು ಕಂಡರೆ ಅಭ್ಯಾಸ ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು. ಎಕ್ಸ್-ರೇ ಚಿತ್ರದಲ್ಲಿ ಮೊದಮೊದಲ ಬಿರುಕು ಕಾಣದಿರಬಹುದು. ಕಾಲು ಜೋಮು ಹಿಡಿದರೆ, ಮೂತ್ರದ ಹಿಡಿತ ತಪ್ಪಿದರೆ ಅಂದೇ ಆಸ್ಪತ್ರೆಗೆ ಹೋಗಬೇಕು.

ನಮ್ಮ ವಿದ್ಯಾರ್ಥಿಯು ಐದು ತಿಂಗಳ ವಿಶ್ರಾಂತಿಯ ಬಳಿಕ, ವೈದ್ಯರ ಒಪ್ಪಿಗೆ ಪಡೆದು, ಗೋಡೆಗೆ ಬೆನ್ನು ಮಾಡಿ ನಿಂತಿದ್ದಾನೆ. ಅವನ ಕೈಗಳು ಸದ್ಯಕ್ಕೆ ಭುಜದ ಎತ್ತರದಿಂದ ಕೆಳಗಿಳಿದಿಲ್ಲ.