ಇಳಿದ ಬೆಲೆ, ಇಳಿಯದ ಖರ್ಚು

ಶೋರೂಮಿನಿಂದ ಹೊರಬಿದ್ದಾಗ 48 ಲಕ್ಷ ಬಾಳುತ್ತಿದ್ದ ಎರಡು ಬಾಗಿಲಿನ ಜರ್ಮನ್ ಸ್ಪೋರ್ಟ್ಸ್ ಕೂಪೆ, ಹತ್ತು ವರ್ಷ ದಾಟಿದ ಮೇಲೆ 8 ಲಕ್ಷಕ್ಕೆ ಸಿಗುತ್ತದೆ. ಅದೇ ದುಡ್ಡಿಗೆ ಒಂದು ಹೊಸ ಹ್ಯಾಚ್‌ಬ್ಯಾಕ್ ಬರುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದವರ ಮನಸ್ಸು ಕೂಪೆಯ ಕಡೆ ವಾಲದಿದ್ದರೆ ಆಶ್ಚರ್ಯ. ಆದರೆ ಇಲ್ಲಿ ಬಿದ್ದಿರುವುದು ಕಾರಿನ ಬೆಲೆ ಮಾತ್ರ. ಅದರ ಬ್ರೇಕ್ ಡಿಸ್ಕ್, ಹೆಡ್‌ಲೈಟ್, ಗೇರ್‌ಬಾಕ್ಸ್, ಟೈರು ಎಲ್ಲವೂ ಇವತ್ತಿಗೂ 48 ಲಕ್ಷದ ಕಾರಿನವೇ. ಆನೆಯನ್ನು ಎಷ್ಟು ಅಗ್ಗಕ್ಕೆ ತಂದರೂ ಅದು ತಿನ್ನುವ ಮೇವು ಕಡಿಮೆಯಾಗುವುದಿಲ್ಲ.

ಮೈಸೂರಿನ ಶ್ರೀರಾಂಪುರದ ನಮ್ಮ ಬೀದಿಯಲ್ಲಿ ಇಂಥದ್ದೊಂದು ಆನೆ ನನ್ನ ಮನೆ ಮುಂದೆ ನಿಂತಿರುತ್ತದೆ. 2011ರ ಮಾಡೆಲ್, ಎರಡು ಲೀಟರಿನ ಟರ್ಬೊ ಪೆಟ್ರೋಲ್ ಎಂಜಿನ್, ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್. ಕೆಲ ವರ್ಷಗಳ ಹಿಂದೆ ಬೆಂಗಳೂರಿನ ಒಬ್ಬರಿಂದ ಕೊಂಡದ್ದು. ಎದುರುಮನೆಯ ನಿವೃತ್ತ ಬ್ಯಾಂಕ್ ಮ್ಯಾನೇಜರ್ ವಾಕಿಂಗ್ ಮುಗಿಸಿ ಬರುವಾಗ ಒಂದು ಕ್ಷಣ ನಿಂತು, "ಏನ್ ಸ್ವಾಮಿ, ಇದನ್ನ ಈಗ ಮಾರಿದ್ರೆ ಎಷ್ಟು ಬರುತ್ತೆ?" ಎಂದು ಕೇಳುವುದುಂಟು. ಅವರು ಕೇಳಬೇಕಾದ ಪ್ರಶ್ನೆ, ಮಾರದೆ ಇಟ್ಟುಕೊಂಡರೆ ಎಷ್ಟು ಹೋಗುತ್ತೆ ಅನ್ನುವುದು.

ಅದಕ್ಕೆ ನನ್ನ ಉತ್ತರ ಸಿದ್ಧವಿದೆ. ವಿಮೆಗೆ ವರ್ಷಕ್ಕೆ ಸುಮಾರು 25 ಸಾವಿರ. ಆಯಿಲ್, ಫಿಲ್ಟರ್, ಸ್ಪಾರ್ಕ್ ಪ್ಲಗ್ ಸೇರಿದ ಮಾಮೂಲಿ ಸರ್ವಿಸಿಗೆ ಅಷ್ಟೇ. ಟೈರು ಮತ್ತು ಬ್ರೇಕಿಗೆಂದು 30 ಸಾವಿರ ಎತ್ತಿಡಬೇಕು. ಇನ್ನು 60 ಸಾವಿರ, ಹೆಸರಿಲ್ಲದ ಕಾಯಿಲೆಗಳಿಗೆ. ಒಟ್ಟು 1.4 ಲಕ್ಷ. ಕೊಂಡ ಬೆಲೆಯ ಲೆಕ್ಕದಲ್ಲಿ ಇದು ಸುಮಾರು 18 ಪರ್ಸೆಂಟ್, ಕೇಳಿದವರು ಹೌಹಾರುತ್ತಾರೆ. ಹೊಸದಾಗಿದ್ದಾಗಿನ ಬೆಲೆಗೆ ಹೋಲಿಸಿದರೆ 3 ಪರ್ಸೆಂಟ್. ನಾನು ಬಜೆಟ್ ಹಾಕುವುದು ಈ ಎರಡನೆಯ ಲೆಕ್ಕದ ಮೇಲೆ. ತಿಂಗಳಿಗೆ 12 ಸಾವಿರ ಬೇರೊಂದು ಉಳಿತಾಯ ಖಾತೆಗೆ ತಾನಾಗಿಯೇ ಹೋಗುತ್ತದೆ, ಆ ಖಾತೆಯಿಂದ ಕಾರಿಗಲ್ಲದೆ ಬೇರೇನಕ್ಕೂ ತೆಗೆಯುವುದಿಲ್ಲ. ಈ 12 ಸಾವಿರ ಭಾರ ಅನ್ನಿಸುವ ಮನೆಯವರು ಕಾರನ್ನು 8 ಲಕ್ಷಕ್ಕಲ್ಲ, 4 ಲಕ್ಷಕ್ಕೆ ಕೊಟ್ಟರೂ ತರಬಾರದು.

ವಿಮೆಯ ವಿಷಯಕ್ಕೆ ಬಂದರೆ, ಹಳೆಯ ಐಷಾರಾಮಿ ಕಾರಿನವರು ತಿಳಿದಿರಬೇಕಾದ ಒಂದು ಸೂಕ್ಷ್ಮವಿದೆ. 1500 ಸಿಸಿ ಮೀರಿದ ಖಾಸಗಿ ಕಾರಿನ ಥರ್ಡ್ ಪಾರ್ಟಿ ಪ್ರೀಮಿಯಂ 2022ರ ಜೂನ್‌ನಿಂದ 7,897 ರೂಪಾಯಿ, ಅದರಲ್ಲಿ ಚೌಕಾಸಿಗೆ ಜಾಗವಿಲ್ಲ. ಚೌಕಾಸಿ ಇರುವುದು ಐಡಿವಿಯಲ್ಲಿ, ಅಂದರೆ ವಿಮಾ ಕಂಪನಿ ಕಾರಿಗೆ ಕಟ್ಟುವ ಮೌಲ್ಯದಲ್ಲಿ. ಐದು ವರ್ಷ ದಾಟಿದ ಕಾರಿಗೆ ಇದು ಮಾತುಕತೆಯಿಂದ ತೀರ್ಮಾನವಾಗುತ್ತದೆ. ಪ್ರೀಮಿಯಂ ಉಳಿಸಲು ಐಡಿವಿ ಇಳಿಸಿಕೊಂಡವರಿಗೆ ಅಪಘಾತದ ದಿನ ಬಿಸಿ ಮುಟ್ಟುತ್ತದೆ. ರಿಪೇರಿ ವೆಚ್ಚ ಐಡಿವಿಯ 75 ಪರ್ಸೆಂಟ್ ಮೀರಿದರೆ ಕಾರನ್ನು ಪೂರ್ತಿ ನಷ್ಟ ಎಂದೇ ಬರೆಯುತ್ತಾರೆ. 5 ಲಕ್ಷ ಐಡಿವಿಯ ಕಾರಿಗೆ ಆ ಗೆರೆ 3.75 ಲಕ್ಷ. ಎರಡು ಝೆನಾನ್ ಹೆಡ್‌ಲೈಟು, ಒಂದು ಬಂಪರು, ರೇಡಿಯೇಟರು, ಬಾನೆಟ್ಟು ಸೇರಿದರೆ ಅಲ್ಲಿಗೆ ತಲುಪುವುದು ಏನೂ ಕಷ್ಟವಲ್ಲ. ಅದಕ್ಕಿಂತ ಕಡಿಮೆ ಪೆಟ್ಟಾದರೆ ಪ್ಲಾಸ್ಟಿಕ್ಕು, ರಬ್ಬರಿಗೆ 50 ಪರ್ಸೆಂಟ್ ಸವಕಳಿ, ಹತ್ತು ವರ್ಷ ಮೀರಿದ ಕಾರಿನ ಲೋಹದ ಭಾಗಕ್ಕೂ 50 ಪರ್ಸೆಂಟ್. ಗಾಜಿಗೆ ಮಾತ್ರ ಸವಕಳಿ ಇಲ್ಲ. ಸವಕಳಿ ಕಳೆಯದೆ ಪರಿಹಾರ ಕೊಡುವ ಜೀರೋ ಡೆಪ್ರಿಸಿಯೇಷನ್ ಪಾಲಿಸಿಯನ್ನು ಈ ವಯಸ್ಸಿನ ಕಾರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. ಹಾಗಾಗಿ ಐಡಿವಿಯನ್ನು ಎಷ್ಟು ಮೇಲಕ್ಕೆ ಒಪ್ಪುತ್ತಾರೋ ಅಷ್ಟಕ್ಕೆ ಇಡಿಸುವುದೇ ಲೇಸು.

ಇವೆಲ್ಲ ಗೊತ್ತಿರುವ ಖರ್ಚು. ಮನೆ ಹಾಳು ಮಾಡುವುದು ಅಂದಾಜಿನ ಮೇಲೆ ಬಿಡಿಭಾಗ ಬದಲಿಸುವ ಚಾಳಿ. ಮಾಮೂಲಿ ಕಾರಿನಲ್ಲಿ ಅಂದಾಜು ತಪ್ಪಿದರೆ ಎರಡು ಸಾವಿರ ಹೋಗುತ್ತದೆ, ಇಲ್ಲಿ ಇಪ್ಪತ್ತು ಸಾವಿರ ಹೋಗುತ್ತದೆ. ಮೊದಲು ರೋಗ ಪತ್ತೆಯಾಗಲಿ, ಆಮೇಲೆ ಔಷಧಿ. ಪತ್ತೆ ಮಾಡುವವನ ಕೂಲಿಯ ವಿಷಯದಲ್ಲಿ ನಾನು ಚೌಕಾಸಿ ಮಾಡುವುದಿಲ್ಲ.

ಒಂದು ಮಳೆಗಾಲದಲ್ಲಿ ನನ್ನ ಕಾರಿನ ಬ್ಯಾಟರಿ ಎರಡು ದಿನ ನಿಂತರೆ ಸಾಕು, ಸತ್ತುಹೋಗತೊಡಗಿತು. ಬ್ಯಾಟರಿ ಅಂಗಡಿಯಲ್ಲಿ "ಬ್ಯಾಟರಿ ವೀಕು, ಬದಲಿಸಿ" ಎಂದು 11 ಸಾವಿರ ಹೇಳಿದರು. ಇನ್ನೊಬ್ಬರು ಆಲ್ಟರ್ನೇಟರ್ ಮೇಲೆ ಅನುಮಾನಪಟ್ಟರು. ನಾನು ಕೈಗಾರಿಕಾ ಬಡಾವಣೆಯ ಕಡೆ ಇರುವ, ನನಗೆ ಪರಿಚಯದ ಆಟೊ ಎಲೆಕ್ಟ್ರಿಷಿಯನ್ ಹುಡುಗನನ್ನು ಮನೆಗೇ ಕರೆಸಿದೆ. ಅವನು ಬ್ಯಾಟರಿಯನ್ನು ಮುಟ್ಟುವ ಮೊದಲು ಕಾರಿನ ಎರಡೂ ಬಾಗಿಲನ್ನು ಒಂದೊಂದಾಗಿ ತೆಗೆದು ಮುಚ್ಚಿದ.

"ಸಾರ್, ಈ ಕಡೆ ಗಾಜು ನೋಡಿದ್ರಾ?"

ಕೂಪೆಯ ಬಾಗಿಲಿಗೆ ಗಾಜಿನ ಸುತ್ತ ಚೌಕಟ್ಟಿರುವುದಿಲ್ಲ. ಹಿಡಿಕೆ ಎಳೆದ ತಕ್ಷಣ ಗಾಜು ಬೆರಳ ಅಗಲಕ್ಕೂ ಕಡಿಮೆ ತಾನೇ ಕೆಳಗಿಳಿದು, ಮೇಲಿನ ರಬ್ಬರಿನಿಂದ ಬಿಡಿಸಿಕೊಳ್ಳುತ್ತದೆ, ಬಾಗಿಲು ಮುಚ್ಚಿದ ಮೇಲೆ ಮತ್ತೆ ಏರುತ್ತದೆ. ಡ್ರೈವರ್ ಕಡೆ ಅದು ಸರಿಯಾಗಿತ್ತು. ಎಡಗಡೆಯದು ಇಳಿಯದೆ ರಬ್ಬರಿಗೆ ಉಜ್ಜಿಕೊಂಡೇ ತೆರೆಯುತ್ತಿತ್ತು. ಅವನು ಬ್ಯಾಟರಿಯ ಕೇಬಲ್ಲಿಗೆ ಕ್ಲ್ಯಾಂಪ್ ಮೀಟರ್ ಸಿಕ್ಕಿಸಿ, ಕಾರನ್ನು ಲಾಕ್ ಮಾಡಿ, ಕಾಂಪೌಂಡಿನ ಮೇಲೆ ಕುಳಿತು ಕಾಫಿ ಕುಡಿದ. ಲಾಕ್ ಆದ ಸ್ವಲ್ಪ ಹೊತ್ತಿಗೆ ಇಂಥ ಕಾರಿನ ಕಂಪ್ಯೂಟರುಗಳೆಲ್ಲ ನಿದ್ದೆಗೆ ಜಾರಬೇಕು, ಮೀಟರು 50 ಮಿಲಿ ಆಂಪಿಯರಿಗಿಂತ ಕೆಳಗಿಳಿಯಬೇಕು. ಅರ್ಧ ಗಂಟೆ ಕಳೆದರೂ ಅದು ಒಂದೂವರೆ ಆಂಪಿಯರಿನ ಆಸುಪಾಸಿನಲ್ಲೇ ನಿಂತಿತ್ತು. ಲೆಕ್ಕ ಹಾಕಿ: 70 ಆಂಪಿಯರ್ ಅವರ್‌ನ ಬ್ಯಾಟರಿಯನ್ನು ಒಂದೂವರೆ ಆಂಪಿಯರಿನಂತೆ ಹೀರಿದರೆ ಎರಡು ದಿನಕ್ಕೆ ಖಾಲಿ. 50 ಮಿಲಿ ಆಂಪಿಯರಾದರೆ ಅದೇ ಬ್ಯಾಟರಿ ಎರಡು ತಿಂಗಳ ಹತ್ತಿರ ತಾಳುತ್ತದೆ.

ಎಡಬಾಗಿಲಿನ ಲಾಕಿನೊಳಗೆ ಒಂದು ಮೈಕ್ರೊಸ್ವಿಚ್ ಇರುತ್ತದೆ, ಕಡಲೆಬೀಜಕ್ಕಿಂತ ತುಸು ದೊಡ್ಡದು. ಬಾಗಿಲು ತೆರೆದಿದೆಯೋ ಮುಚ್ಚಿದೆಯೋ ಎಂದು ಕಾರಿಗೆ ಹೇಳುವ ಕೆಲಸ ಅದರದ್ದು. ಅದು ಕೆಟ್ಟು, ಮುಚ್ಚಿದ ಬಾಗಿಲನ್ನೂ ತೆರೆದೇ ಇದೆ ಎನ್ನುತ್ತಿತ್ತು, ಹಾಗಾಗಿ ಗಾಜಿಗೂ ಇಳಿಯುವ ಸೂಚನೆ ಹೋಗುತ್ತಿರಲಿಲ್ಲ. ಬಾಗಿಲು ತೆರೆದಿರುವ ಕಾರು ನಿದ್ದೆ ಮಾಡುವುದು ಹೇಗೆ? ಇಡೀ ಲಾಕಿಗೆ ಬೆಂಗಳೂರಿನಿಂದ ಬಂದ ಕೊಟೇಶನ್ 20 ಸಾವಿರದ ಮೇಲಿತ್ತು. ಹುಡುಗ ಲಾಕ್ ಬಿಚ್ಚಿ, ನೂರು ರೂಪಾಯಿಯೊಳಗಿನ ಸ್ವಿಚ್ ಬೆಸುಗೆ ಹಾಕಿ, ಕೂಲಿ 2,500 ತೆಗೆದುಕೊಂಡ. ಹಳೆಯ ಬ್ಯಾಟರಿಯೇ ಮುಂದುವರಿಯಿತು.

ಎರಡನೆಯ ಪಾಠ ಇನ್ನೂ ಸುಲಭದ್ದು. ಎಂಜಿನ್ ಬಿಸಿಯಾದ ಮೇಲೆ ಜರ್ಕ್ ಹೊಡೆದು, ಚೆಕ್ ಎಂಜಿನ್ ದೀಪ ಮಿನುಗಿತು. ಸ್ಕ್ಯಾನರಿನಲ್ಲಿ ಪಿ0303 ಎಂಬ ಕೋಡ್ ಬಂತು, ಅಂದರೆ ಮೂರನೆಯ ಸಿಲಿಂಡರಿನಲ್ಲಿ ಮಿಸ್‌ಫೈರ್. ಮಿಸ್‌ಫೈರಿಗೆ ಪ್ಲಗ್, ಕಾಯಿಲ್, ಇಂಜೆಕ್ಟರ್ ಯಾವುದೂ ಕಾರಣ ಇರಬಹುದು, ಕಂಪ್ರೆಷನ್ ಹೋಗಿದ್ದರೂ ಇದೇ ಕೋಡ್. ಮೂರನೆಯ ಸಿಲಿಂಡರಿನ ಕಾಯಿಲನ್ನು ಒಂದನೆಯದಕ್ಕೆ, ಒಂದನೆಯದನ್ನು ಮೂರಕ್ಕೆ ಹಾಕಿ, ಕೋಡ್ ಅಳಿಸಿ, ರಿಂಗ್ ರೋಡಿನಲ್ಲಿ ಒಂದು ಸುತ್ತು ಓಡಿಸಿದೆವು. ಈಗ ಬಂದದ್ದು ಪಿ0301. ಕಾಯಿಲೆ ಕಾಯಿಲಿನ ಜೊತೆಗೇ ಜಾಗ ಬದಲಿಸಿತ್ತು. ಖರ್ಚಿಲ್ಲದೆ ಮುಗಿದ ಪರೀಕ್ಷೆ. ಸ್ಕ್ಯಾನರಿನ ಕೋಡ್ ಯಾವ ಬೀದಿ ಅನ್ನುವುದನ್ನಷ್ಟೇ ಹೇಳುತ್ತದೆ, ಮನೆ ನಂಬರು ನಾವೇ ಹುಡುಕಬೇಕು. ಕೋಡ್ ಓದಿದ ಕೂಡಲೇ ಬಿಡಿಭಾಗದ ಪಟ್ಟಿ ಬರೆಯುವ ಗ್ಯಾರೇಜಿನಿಂದ ದೂರ ಇರುವುದು ಒಳ್ಳೆಯದು.

ಕಾಯಿಲ್ ಕೊಳ್ಳುವಾಗಲೂ ಒಂದು ಉಪಾಯವಿದೆ. ದೊಡ್ಡ ಕಾರು ಕಂಪನಿಗಳು ಒಂದೇ ಸಮೂಹದೊಳಗೆ ಹಲವು ಬ್ರಾಂಡ್ ನಡೆಸುತ್ತವೆ, ಐಷಾರಾಮಿ ಕೂಪೆಗೂ ಮಧ್ಯಮ ದರ್ಜೆಯ ಸೆಡಾನಿಗೂ ಎಂಜಿನ್ ಒಂದೇ ಇರುವುದುಂಟು. ಬಿಡಿಭಾಗದ ಮೇಲೆ ಅಚ್ಚಾಗಿರುವ ಪಾರ್ಟ್ ನಂಬರನ್ನು ಬರೆದುಕೊಂಡು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ವಿಚಾರಿಸಿದರೆ, ಅದೇ ನಂಬರಿನ ಅದೇ ಮಾಲು ಸೆಡಾನಿನ ಪೆಟ್ಟಿಗೆಯಲ್ಲಿ ಸಿಗುತ್ತದೆ. ನನಗೆ ಅದು ಅರ್ಧಕ್ಕಿಂತ ಕಡಿಮೆ ಬೆಲೆಗೆ ಬಂತು. ಬ್ರೇಕ್ ಪ್ಯಾಡ್, ಟೈರ್, ಗೇರ್‌ಬಾಕ್ಸ್ ಆಯಿಲ್, ಕೂಲೆಂಟ್ ಈ ನಾಲ್ಕರಲ್ಲಿ ಮಾತ್ರ ಅಗ್ಗದ ಮಾಲಿನ ಸಹವಾಸ ಬೇಡ. ಟೈರಿನ ಪಕ್ಕೆಯ ಮೇಲಿರುವ ನಾಲ್ಕಂಕಿಯ ತಾರೀಖು ನೋಡಿ: 2319 ಎಂದರೆ 2019ರ 23ನೇ ವಾರ ತಯಾರಾದದ್ದು. ಕಡಿಮೆ ಓಡುವ ಕಾರಿನಲ್ಲಿ ಟೈರು ಸವೆಯುವ ಮೊದಲೇ ಮುದಿಯಾಗುತ್ತದೆ.

ಹೊಂಗೆ ಮರದ ಕೆಳಗೆ ನಿಲ್ಲಿಸುವವರು ಮಳೆಗೆ ಮುಂಚೆ ಬಾನೆಟ್ ತೆರೆದು, ಮುಂಗಾಜಿನ ಬುಡದಲ್ಲಿರುವ ನೀರಿನ ಕಿಂಡಿಗಳಿಂದ ಎಲೆ, ಹೂವು ಬಾಚಿ ತೆಗೆಯಬೇಕು. ಅವು ಕಟ್ಟಿಕೊಂಡರೆ ನೀರು ಕಾರಿನೊಳಕ್ಕೆ ನುಗ್ಗುತ್ತದೆ, ಕಾರ್ಪೆಟ್ಟಿನ ಕೆಳಗೆ ವೈರು, ಮಾಡ್ಯೂಲುಗಳಿರುತ್ತವೆ. ಇದು ಕೈಯಿಂದಲೇ ಆಗುವ ಕೆಲಸ, ಬಿಟ್ಟರೆ ಲಕ್ಷದ ಮಾತು. ಪೆಟ್ರೋಲಿನಲ್ಲಿ 20 ಪರ್ಸೆಂಟ್ ಎಥೆನಾಲ್ ಬಂದ ಮೇಲೆ ಹಳೆಯ ಇಂಧನ ಹೋಸ್‌ಗಳನ್ನೂ ವರ್ಷಕ್ಕೊಮ್ಮೆ ನೋಡಿಸುತ್ತೇನೆ.

ಇನ್ನು ಸರ್ಕಾರದ ಪಾಲು. 15 ವರ್ಷ ತುಂಬಿದ ಖಾಸಗಿ ಕಾರಿನ ಆರ್‌ಸಿ ನವೀಕರಣಕ್ಕೆ 2022ರ ಏಪ್ರಿಲ್‌ನಿಂದ 5,000 ರೂಪಾಯಿ. ಆದರೆ ವಿದೇಶದಿಂದ ಪೂರ್ತಿ ತಯಾರಾಗಿ ಬಂದ ಕಾರಿಗೆ 40,000. ಇಲ್ಲಿ ಮಾರಾಟವಾದ ಇಂಥ ಕೂಪೆಗಳಲ್ಲಿ ಬಹುಪಾಲು ಆಮದು ಆದವೇ. 2025ರ ಆಗಸ್ಟ್‌ನಲ್ಲಿ 20 ವರ್ಷ ಮೀರಿದವುಗಳ ದರವೂ ಏರಿತು: ಮಾಮೂಲಿ ಕಾರಿಗೆ 10,000, ಆಮದು ಕಾರಿಗೆ 80,000. 50 ವರ್ಷ ದಾಟಿದ ಮೇಲೆ ವಿಂಟೇಜ್ ಎಂಬ ಗೌರವ ಸಿಗುತ್ತದೆ, ಅದರ ನಿಯಮಗಳೇ ಬೇರೆ. ಬೆಂಗಳೂರು ಹೆದ್ದಾರಿಯಲ್ಲಿ ಶ್ರೀರಂಗಪಟ್ಟಣದ ಹತ್ತಿರ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರ ಸಂಗ್ರಹದ 'ಪಯಣ' ಮ್ಯೂಸಿಯಂನಲ್ಲಿ ಅಂಥ ಕಾರುಗಳನ್ನು ಕಣ್ತುಂಬ ನೋಡಬಹುದು. 15ರಿಂದ 50ರ ನಡುವಿನ ಕಾರು ಮಾತ್ರ ಕಾನೂನಿನ ಕಣ್ಣಿಗೆ ಬರೀ ಹಳೇದು. ಅದನ್ನು ಇಟ್ಟುಕೊಳ್ಳುವ ಸಂತೋಷಕ್ಕೆ ಶುಲ್ಕ ಕಟ್ಟಲೇಬೇಕು.

ದೆಹಲಿಯಲ್ಲಿ 10 ವರ್ಷದ ಡೀಸೆಲ್, 15 ವರ್ಷದ ಪೆಟ್ರೋಲ್ ಕಾರುಗಳ ಮೇಲೆ ಹೇರಿದ ನಿರ್ಬಂಧದ ದೆಸೆಯಿಂದ ಅಲ್ಲಿನ ಐಷಾರಾಮಿ ಕಾರು ಇನ್ನೂ ಅಗ್ಗಕ್ಕೆ ಸಿಗತೊಡಗಿತು. ಆದರೆ ಅಂಥದ್ದನ್ನು ಇಲ್ಲಿಗೆ ತರುವ ಮೊದಲು ಜೀವಾವಧಿ ತೆರಿಗೆಯ ಲೆಕ್ಕ ಹಾಕಿ. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಹೊಸ ಕಾರಿಗೆ 18 ಪರ್ಸೆಂಟ್, ಮೇಲೆ ಸೆಸ್. ಹೊರರಾಜ್ಯದ ಹಳೆಯ ಕಾರಿಗೆ ವಯಸ್ಸಿನ ರಿಯಾಯಿತಿ ಉಂಟು, ಆದರೆ ಲೆಕ್ಕ ಶುರುವಾಗುವುದು ನೀವು ಕೊಟ್ಟ ಬೆಲೆಯಿಂದಲ್ಲ, ಮೂಲ ಬೆಲೆಯಿಂದ. 2025ರಲ್ಲಿ ಬೆಂಗಳೂರಿನಲ್ಲಿ ಸಾರಿಗೆ ಇಲಾಖೆ ಹೊರರಾಜ್ಯ ನೋಂದಣಿಯ ದುಬಾರಿ ಕಾರುಗಳನ್ನು ಹಿಡಿದದ್ದು, ಮಹಾರಾಷ್ಟ್ರ ನೋಂದಣಿಯ ಒಂದು ಫೆರಾರಿಗೆ ಸುಮಾರು 1.42 ಕೋಟಿ ತೆರಿಗೆ ವಸೂಲಾದದ್ದು ಎಲ್ಲರೂ ಓದಿದ ಸುದ್ದಿ. ನಾನು ಕರ್ನಾಟಕದ ನೋಂದಣಿಯದ್ದನ್ನೇ ಹುಡುಕಿದ್ದು ಇದಕ್ಕೇ. ನಾಲ್ಕು ಕಾಸು ಹೆಚ್ಚು ಕೊಟ್ಟೆ, ನಿದ್ದೆ ಕೆಡಲಿಲ್ಲ.

ಇಷ್ಟೆಲ್ಲ ಕೊಟ್ಟು ಸಿಗುವುದೇನು? ಮೈಸೂರು–ಬೆಂಗಳೂರು ಹೆದ್ದಾರಿಯಲ್ಲಿ ವೇಗದ ಮಿತಿ 100, ಮೇಲೆ ಕ್ಯಾಮೆರಾ. ಕಾರಿನ ಸಾಮರ್ಥ್ಯ ಅದರ ಎರಡರಷ್ಟು. ಬೀದಿಯ ಹಂಪುಗಳನ್ನು ಅಡ್ಡಡ್ಡ ದಾಟಿಸಬೇಕು. ಆದರೂ ಭಾನುವಾರ ಬೆಳಗ್ಗೆ ಊರು ಏಳುವ ಮೊದಲು ನಂಜನಗೂಡಿನ ಕಡೆ ಒಂದು ರೌಂಡ್ ಹೋಗಿ ಬಂದರೆ ವಾರದ ಕೊಳೆ ತೊಳೆದಂತೆ. ಇದಕ್ಕೆ ತಿಂಗಳಿಗೆ 12 ಸಾವಿರ ಎಂದು ನಾನೇ ನಿಗದಿ ಮಾಡಿದ್ದೇನೆ. ಅದನ್ನು ಹೂಡಿಕೆ ಎಂದು ಕರೆದು ನನ್ನನ್ನೇ ವಂಚಿಸಿಕೊಳ್ಳುವುದಿಲ್ಲ. ಅದು ಹವ್ಯಾಸದ ಖರ್ಚು, ಆ ಕಾಲಮ್ಮಿನಲ್ಲೇ ಬರೆಯುತ್ತೇನೆ.

ಹಾಗಾದರೆ ಯಾವಾಗ ಬಿಡಬೇಕು? ಈಗ ಕಾರಿಗೆ 15 ತುಂಬುವ ಹೊತ್ತು, 40 ಸಾವಿರ ಕಟ್ಟಿದರೆ ಐದು ವರ್ಷ, ವರ್ಷಕ್ಕೆ 8 ಸಾವಿರ ಬೀಳುತ್ತದೆ. ಕಟ್ಟುತ್ತೇನೆ. ಆದರೆ ಐದೂ ವರ್ಷ ಇಟ್ಟುಕೊಳ್ಳುವ ಯೋಚನೆ ಇಲ್ಲ. 20 ಹತ್ತಿರವಾದ ಕಾರನ್ನು ನೋಡಲು ಬರುವವರೂ ಆ 80 ಸಾವಿರವನ್ನು ಬೆಲೆಯಿಂದ ಕಳೆದೇ ಮಾತಾಡುತ್ತಾರೆ. ಆರ್‌ಸಿಯಲ್ಲಿ ಎರಡು ವರ್ಷವಾದರೂ ಉಳಿದಿರುವಾಗಲೇ ಮಾರುವುದು ಲಾಭ. ಅದಕ್ಕೂ ಮುಂಚೆ ಒಂದೇ ರಿಪೇರಿಯ ಬಿಲ್ಲು ಕಾರಿನ ಅಂದಿನ ಬೆಲೆಯ ಮೂರನೇ ಒಂದು ಭಾಗ ದಾಟಿದರೆ, ಅವತ್ತೇ ಕಾರು ಮಾರಾಟಕ್ಕೆ. ಕೊಳ್ಳಲು ಬಂದವರ ಕೈಗೆ ಬಿಲ್ಲುಗಳ ಫೈಲನ್ನೂ ಕೊಡುತ್ತೇನೆ. ಹದಿನೆಂಟು ವರ್ಷದ ಕೂಪೆಗೆ ಪಾಲಿಶಿಗಿಂತ ಆ ಫೈಲೇ ಹೆಚ್ಚು ಬೆಲೆ ತರುತ್ತದೆ.