ಬಾನುಲಿ ಕೇಂದ್ರದ ಯಂತ್ರೋಪಕರಣಗಳ ನಿರ್ವಹಣೆಗೆ ಕೇಳುಗರ ದೇಣಿಗೆ

ಗಂಗಾವತಿಯ ಅಕ್ಕಿ ಗಿರಣಿಯವರಿಗೆ ಸವಕಳಿ ಎಂದರೇನೆಂದು ವಿವರಿಸಬೇಕಾಗಿಲ್ಲ. ಯಂತ್ರ ಕೊಂಡ ದಿನದಿಂದಲೇ ಅದು ಸವೆಯತೊಡಗುತ್ತದೆಂಬುದನ್ನು ಅವರು ಅನುಭವದಿಂದ ಬಲ್ಲರು. ಆದರೆ ಅದೇ ವರ್ತಕರು ಸಾರ್ವಜನಿಕ ಸಂಸ್ಥೆಗೆ ದಾನ ಕೊಡುವಾಗ ಹೊಸ ಯಂತ್ರ ಕೊಡಿಸಲು ಉತ್ಸಾಹ ತೋರುತ್ತಾರೆಯೇ ಹೊರತು ಹಳೆಯದರ ದುರಸ್ತಿಗೆ ಕೊಡುವುದಿಲ್ಲ. ದುರಸ್ತಿಗೆ ಫಲಕವಿಲ್ಲ, ಉದ್ಘಾಟನೆಯೂ ಇಲ್ಲ. ಸಮುದಾಯ ಬಾನುಲಿ ಕೇಂದ್ರಗಳ ಕಷ್ಟ ಆರಂಭವಾಗುವುದು ಇಲ್ಲಿಂದಲೇ.

ಮುನಿರಾಬಾದಿನ ಮನೆಗಳಲ್ಲಿ ಕೇಳಿಬರುವ ಹೊಸಪೇಟೆ ಆಕಾಶವಾಣಿಯ ವೆಚ್ಚವನ್ನು ಪ್ರಸಾರ ಭಾರತಿ ಭರಿಸುತ್ತದೆ. ಹಿಂದೆ ರೇಡಿಯೋ ಇಟ್ಟವರು ಅಂಚೆ ಕಛೇರಿಯಲ್ಲಿ ಲೈಸೆನ್ಸ್ ಶುಲ್ಕ ಕಟ್ಟುತ್ತಿದ್ದರು. 1980ರ ದಶಕದಲ್ಲಿ ಅದು ರದ್ದಾಯಿತು. ಸಮುದಾಯ ಬಾನುಲಿಯ ಸ್ಥಿತಿ ಬೇರೆ. 2006ರ ಮಾರ್ಗಸೂಚಿಯಂತೆ ಸ್ವಯಂಸೇವಾ ಸಂಸ್ಥೆಗಳೂ ಇಂಥ ಕೇಂದ್ರ ಸ್ಥಾಪಿಸಬಹುದಾಯಿತು. ಆಗ ಗಂಟೆಗೆ 5 ನಿಮಿಷವಿದ್ದ ಜಾಹೀರಾತಿನ ಮಿತಿ 2024ರ ಮಾರ್ಗಸೂಚಿಯಲ್ಲಿ 12 ನಿಮಿಷಕ್ಕೆ ಏರಿತು. ಆದರೆ ಸಣ್ಣ ಊರಿನಲ್ಲಿ ಜಾಹೀರಾತು ಸುಗ್ಗಿ ಮತ್ತು ಹಬ್ಬಗಳನ್ನು ನೋಡಿಕೊಂಡು ಬರುತ್ತದೆ. ಟ್ರಾನ್ಸ್‌ಮಿಟರ್ ಕೆಡುವುದಕ್ಕೆ ಸುಗ್ಗಿಯ ಲೆಕ್ಕವಿಲ್ಲ.

ನಾಡಿನ ಮೊದಲ ಉದಾಹರಣೆಯೇ ಪಾಠ ಹೇಳುತ್ತದೆ. ಮನಶ್ಶಾಸ್ತ್ರದ ಪ್ರಾಧ್ಯಾಪಕ ಡಾ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ 30 ವಾಟ್ ಟ್ರಾನ್ಸ್‌ಮಿಟರ್ ಇಟ್ಟು ಪ್ರಸಾರ ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಬಂದದ್ದು ಅಲ್ಲಿಂದಲೇ. ಸ್ವಂತ ಹಣ, ನಗರಸಭೆಯ ನೆರವು ಮತ್ತು ಸಾರ್ವಜನಿಕರ ಸಹಾಯದಿಂದ ನಡೆದ ಆ ಕೇಂದ್ರವನ್ನು 1942ರಲ್ಲಿ ಮೈಸೂರು ಸಂಸ್ಥಾನ ವಹಿಸಿಕೊಂಡಿತು. ಒಬ್ಬರ ಜೇಬು ಎಷ್ಟೇ ಉದಾರವಾಗಿದ್ದರೂ ನಿತ್ಯದ ಖರ್ಚನ್ನು ಬಹುಕಾಲ ಹೊರಲಾರದು. ಇದಕ್ಕೆ ವ್ಯತಿರಿಕ್ತವಾಗಿ, ಅಮೆರಿಕದ ಬರ್ಕ್ಲಿಯಲ್ಲಿ 1949ರಲ್ಲಿ ಆರಂಭವಾದ ಕೆಪಿಎಫ್ಎ ಕೇಂದ್ರ ಕೇಳುಗರಿಂದಲೇ ಚಂದಾ ಪಡೆಯುವ ಕ್ರಮವನ್ನು ಹಾಕಿಕೊಂಡಿತು. ಚಂದಾ ಎಂದರೆ ಮುಂದಿನ ವರ್ಷವೂ ಕೇಳಬಹುದಾದ ಹಣ.

ಒಂದು ಲೆಕ್ಕವನ್ನು ಕಲ್ಪಿಸಿಕೊಳ್ಳೋಣ. ಕೇಂದ್ರದ ಉಪಕರಣಗಳ ಬೆಲೆ 3 ಲಕ್ಷ ರೂ., ಬಾಳಿಕೆ 10 ವರ್ಷ ಎಂದಿಟ್ಟುಕೊಂಡರೆ ಬದಲಿ ಉಪಕರಣಕ್ಕೆ ವರ್ಷಕ್ಕೆ 30,000 ರೂ. ತೆಗೆದಿಡಬೇಕು. ಯುಪಿಎಸ್ ಬ್ಯಾಟರಿ, ಮೈಕ್, ಕೇಬಲ್, ಸಿಡಿಲು ನಿರೋಧಕ ಇತ್ಯಾದಿಗಳ ದುರಸ್ತಿಗೆ ಇನ್ನೊಂದು 30,000 ಇರಲಿ. ತಿಂಗಳಿಗೆ 10 ರೂ. ಕೊಡುವ 500 ಕೇಳುಗರಿದ್ದರೆ ಈ 60,000 ಕೂಡುತ್ತದೆ. ‘ಕೇಂದ್ರಕ್ಕೆ ನೆರವಾಗಿ’ ಎನ್ನುವುದಕ್ಕಿಂತ ‘ಬ್ಯಾಟರಿ ಬದಲಾಯಿಸಲು ಇಷ್ಟು ಬೇಕು, ಇಷ್ಟು ಬಂದಿದೆ’ ಎಂದು ಪ್ರಸಾರದಲ್ಲಿಯೇ ತಿಳಿಸುವುದು ಹೆಚ್ಚು ಫಲಕಾರಿ. ಖರ್ಚಾದ ಮೇಲೆ ಬಿಲ್ಲಿನ ಮೊತ್ತವನ್ನೂ ಓದಿ ಹೇಳತಕ್ಕದ್ದು.

ಈಗ ಕಾನೂನಿನ ವಿಚಾರ. ಇಲ್ಲಿ ಹೇಳುವ ಕಲಮುಗಳು 1961ರ ಆದಾಯ ತೆರಿಗೆ ಕಾಯ್ದೆಯವು. 1-4-2026ರಿಂದ ಜಾರಿಗೆಂದು ರಚಿತವಾದ 2025ರ ಕಾಯ್ದೆಯಲ್ಲಿ ಸಂಖ್ಯೆಗಳು ಬೇರೆ. ಹೆಸರು ವಿಳಾಸವಿಲ್ಲದ ದೇಣಿಗೆ, ಒಟ್ಟು ದೇಣಿಗೆಯ ಶೇ. 5 ಅಥವಾ 1 ಲಕ್ಷ ರೂ., ಇವೆರಡರಲ್ಲಿ ಹೆಚ್ಚಿನ ಮೊತ್ತವನ್ನು ಮೀರಿದರೆ, ಮೀರಿದ ಭಾಗಕ್ಕೆ ಕಲಂ 115ಬಿಬಿಸಿಯಂತೆ ಶೇ. 30 ತೆರಿಗೆ. ಸಣ್ಣ ಕೇಂದ್ರ ಆ ಮಿತಿಯನ್ನು ಮುಟ್ಟದಿರಬಹುದು. ಆದರೂ ಹುಂಡಿಗಿಂತ ರಶೀದಿ ಪುಸ್ತಕವೇ ಲೇಸು. ವಿಳಾಸವಿಲ್ಲದ ದಾನಿಯನ್ನು ಮುಂದಿನ ವರ್ಷ ಎಲ್ಲಿ ಹುಡುಕುವುದು?

ಟ್ರಸ್ಟಿಗಳು ಮರೆಯುವ ಅಂಶ ಇನ್ನೊಂದಿದೆ. ಉಪಕರಣದ ಬೆಲೆಯನ್ನು ಕೊಂಡಾಗಲೇ ಧರ್ಮಾರ್ಥ ವಿನಿಯೋಗವೆಂದು ತೋರಿಸಿದ್ದರೆ, ಅದರ ಮೇಲಿನ ಸವಕಳಿಯನ್ನು ಮತ್ತೆ ವಿನಿಯೋಗವೆಂದು ತೋರಿಸುವಂತಿಲ್ಲ (ಕಲಂ 11(6)). ಪುಸ್ತಕದಲ್ಲಿ ಸವಕಳಿ ಬರೆದ ಮಾತ್ರಕ್ಕೆ ಬ್ಯಾಂಕಿನಲ್ಲಿ ಹಣವೂ ಇರುವುದಿಲ್ಲ. ಆದುದರಿಂದ ಬದಲಿ ಉಪಕರಣದ ಹಣವನ್ನು ಪ್ರತ್ಯೇಕ ಖಾತೆಯಲ್ಲಿಡತಕ್ಕದ್ದು. ಆದಾಯದ ಶೇ. 15ರವರೆಗೆ ಹಾಗೆಯೇ ಉಳಿಸಿಕೊಳ್ಳಬಹುದು. ಅದಕ್ಕೂ ಹೆಚ್ಚು ಬೇಕಾದರೆ ಉದ್ದೇಶವನ್ನು ನಮೂನೆ 10ರಲ್ಲಿ ನಮೂದಿಸಿ ಐದು ವರ್ಷಗಳವರೆಗೆ ಕೂಡಿಡಲು ಅವಕಾಶವಿದೆ. ದೊಡ್ಡ ದಾನಿಗಳು ‘ಮೂಲನಿಧಿಗೆ’ ಎಂದು ಲಿಖಿತವಾಗಿ ಸೂಚಿಸಿ ಕೊಟ್ಟರೆ, ಆ ಹಣವನ್ನು ಬ್ಯಾಂಕ್ ಠೇವಣಿಯಂತಹ ನಿಗದಿತ ರೂಪದಲ್ಲಿ ತೊಡಗಿಸಿ, ಬಡ್ಡಿಯನ್ನು ದುರಸ್ತಿಗೆ ಬಳಸಬಹುದು. ನನ್ನ ಅಭಿಪ್ರಾಯದಲ್ಲಿ ಫಲಕ ಬಯಸುವವರಿಗೆ ಇದೇ ತಕ್ಕ ದಾರಿ.

ಕೊಡುವ ವರ್ತಕರೂ ತಮ್ಮ ಲೆಕ್ಕ ನೋಡಿಕೊಳ್ಳಬೇಕು. ಟ್ರಸ್ಟಿಗೆ 80ಜಿ ಮಾನ್ಯತೆ ಇದ್ದರೆ ದೇಣಿಗೆಯ ಶೇ. 50ರಷ್ಟು, ಆದಾಯಕ್ಕೆ ಸಂಬಂಧಿಸಿದ ಮಿತಿಗೊಳಪಟ್ಟು, ಕಡಿತ ದೊರೆಯುತ್ತದೆ. 2,000 ರೂ. ಮೀರಿದ ನಗದು ದೇಣಿಗೆಗೆ ಈ ಸೌಲಭ್ಯವಿಲ್ಲ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡ ವ್ಯಕ್ತಿಗಳಿಗೂ ಇಲ್ಲ. ಪಾಲುದಾರಿಕೆ ಸಂಸ್ಥೆಗಳಿಗೆ ಉಂಟು. ಅಂಗಡಿಯ ಪ್ರಚಾರವೇ ಉದ್ದೇಶವಾಗಿದ್ದರೆ ಜಾಹೀರಾತು ಕೊಡುವುದೇ ಸರಿ. ಅದು ಪೂರ್ಣವಾಗಿ ವ್ಯಾಪಾರದ ಖರ್ಚು.

ಎರಡನ್ನೂ ಬೆರೆಸುವಂತಿಲ್ಲ. ದಾನಿಯ ಹೆಸರನ್ನು ಪ್ರಚಾರವಿಲ್ಲದೆ ಕೇವಲ ಕೃತಜ್ಞತೆಗಾಗಿ ಸಂಸ್ಥೆಯಲ್ಲಿ ಪ್ರದರ್ಶಿಸಿದರೆ ಜಿಎಸ್‌ಟಿ ಇಲ್ಲವೆಂದು 11-10-2019ರ ಸುತ್ತೋಲೆ ಸ್ಪಷ್ಟಪಡಿಸಿದೆ. ಪ್ರಸಾರಕ್ಕೂ ಅದೇ ತತ್ತ್ವವನ್ನು ಅನುಸರಿಸುವುದು ಕ್ಷೇಮ. ‘ದೇಣಿಗೆ ನೀಡಿದವರು ಶ್ರೀ ಇಂಥವರು’ ಎಂದರೆ ಕೃತಜ್ಞತೆ. ಅದರ ಹಿಂದೆಯೇ ಅವರ ಅಂಗಡಿಯ ರಿಯಾಯಿತಿ ಮಾರಾಟವನ್ನೂ ಹೇಳಿದರೆ ಅದು ಜಾಹೀರಾತು. ರಶೀದಿಯನ್ನೂ ಹಾಗೆಯೇ ಬರೆಯಬೇಕಾಗುತ್ತದೆ.